ಮೂವತ್ತೊಂದನೆಯ ಪಾಠ

ಓಬಳಯ್ಯ ಮೇಷ್ಟ್ರು ತೀರಿಕೊಂಡು ಹದಿನಾರು ವರ್ಷವಾಗಿತ್ತು. ಆದರೂ 2061ರ ಆ ಶನಿವಾರ ಬೆಳಗ್ಗೆ ಅವರು ಹಿರಿಯೂರಿನಾಚೆಯ ವಿದ್ಯುತ್ ಅಂಗಳವೊಂದರಲ್ಲಿ, ವಾರುಣಿಯ ಬಲಗಿವಿಯೊಳಗೆ ಕೂತು ಪಾಠ ಹೇಳುತ್ತಿದ್ದರು. ವಾರುಣಿ ವಾಷರ್ ಮರೆತು ನಟ್ಟಿಗೆ ಕೈ ಹಾಕಿದಳು. ಕೂಡಲೇ ಗಡಸು ದನಿ ಕೇಳಿಸಿತು: "ವಾಷರ್ ಹಾಕದೆ ನಟ್ಟು ಬಿಗಿಯೋದು ಅಂದ್ರೆ ಪಂಚೆ ಉಡದೆ ಪೇಟ ಸುತ್ಕಂಡಂಗೆ." ವಾರುಣಿ ನಕ್ಕು, ಚೀಲದಲ್ಲಿ ವಾಷರ್ ಹುಡುಕಿದಳು.

ಈ ಸಲಕರಣೆಗೆ ಸರ್ಕಾರಿ ಕಾಗದಗಳಲ್ಲಿ ಮಾರುದ್ದದ ಹೆಸರಿತ್ತು. ಜನ ಅದನ್ನು ಕಿವಿಮೇಷ್ಟ್ರು ಎಂದು ಕರೆದು ಕೈತೊಳೆದುಕೊಂಡಿದ್ದರು. ಕಿವಿಯಲ್ಲಿ ಕಡಲೆಕಾಳಿನಷ್ಟು ಗಾತ್ರದ ಒಂದು ಗುಂಡು, ಹೆಲ್ಮೆಟ್ಟಿನ ಅಂಚಿನಲ್ಲಿ ಒಂದು ಸಣ್ಣ ಕಣ್ಣು. ಆ ಕಣ್ಣು ಕೆಲಸಗಾರರ ಕೈಗಳನ್ನು ನೋಡುತ್ತಿತ್ತು. ಕೈ ಯಾವ ಹಂತದಲ್ಲಿದೆ ಎಂದು ತಿಳಿದುಕೊಂಡು, ಆ ಹಂತಕ್ಕೆ ಒಬ್ಬ ಒಳ್ಳೆಯ ಮೇಷ್ಟ್ರು ಎಂದೋ ತರಗತಿಯಲ್ಲಿ ಹೇಳಿದ್ದ ಮಾತನ್ನು, ಅವರದೇ ದನಿಯಲ್ಲಿ, ಸರಿಯಾದ ಗಳಿಗೆಗೆ ಕಿವಿಗೆ ಹಾಕುತ್ತಿತ್ತು. ಮೊದಲು ಎರಡು ವರ್ಷ ಹಿಡಿಯುತ್ತಿದ್ದ ತರಬೇತಿ ಮೂರು ತಿಂಗಳಿಗೆ ಇಳಿದಿತ್ತು. ರಾಜ್ಯದಲ್ಲಿ ಹನ್ನೊಂದು ಸಾವಿರ ಜನ ಹೀಗೆ ಸತ್ತ ಮೇಷ್ಟ್ರುಗಳನ್ನು ಕಿವಿಯಲ್ಲಿಟ್ಟುಕೊಂಡು ಕಂಬ ಹತ್ತುತ್ತಿದ್ದರು, ಪಂಪು ಬಿಚ್ಚುತ್ತಿದ್ದರು.

ಇದನ್ನು ಕಟ್ಟಿದವರು ಡಾ. ಇಂದುಧರ. ಅವರಿಗೆ ಒಂದು ವಿಷಯದಲ್ಲಿ ಬಹಳ ಹೆಮ್ಮೆ. ಹಿಂದಿನ ಕಾಲದ ಯಂತ್ರಗಳು ಗೊತ್ತಿಲ್ಲದ್ದನ್ನೂ ಗೊತ್ತಿದ್ದವರ ಗತ್ತಿನಲ್ಲಿ ಹೇಳಿ, ಜನರ ಕೈಲಿ ಛೀಮಾರಿ ಹಾಕಿಸಿಕೊಂಡಿದ್ದವು. ಕಿವಿಮೇಷ್ಟ್ರು ಹಾಗಲ್ಲ. ಪಾಠದ ಬರಹದಲ್ಲಿ ಇಲ್ಲದ ಒಂದಕ್ಷರವನ್ನೂ ಅದು ಆಡುತ್ತಿರಲಿಲ್ಲ. ಸೇರಿಸಲು ಸ್ವತಃ ಇಂದುಧರರಿಗೂ ಅಧಿಕಾರವಿರಲಿಲ್ಲ. ಆ ಬರಹಗಳೆಲ್ಲ ಬಂದದ್ದು ಪಾಠಬರಹ ಬಳಗದಿಂದ.

ಬಳಗವೆಂದರೆ ಕಚೇರಿಯಲ್ಲ, ಬೋರ್ಡೂ ಇರಲಿಲ್ಲ. ಊರೂರಿನ ಗೃಹಿಣಿಯರು, ನಿವೃತ್ತರು, ರಾತ್ರಿ ಪಾಳಿ ಮುಗಿಸಿ ಬಂದವರು ಒಬ್ಬರ ಮುಖ ಒಬ್ಬರು ನೋಡದೆ ಅಂತರ್ಜಾಲದಲ್ಲಿ ಸೇರಿ, ಹಳೆಯ ಪಾಠದ ವಿಡಿಯೊಗಳನ್ನು ಕೇಳಿ ಕೇಳಿ ಅಕ್ಷರಕ್ಕಿಳಿಸುತ್ತಿದ್ದರು. ಒಂದು ಪಾಠವನ್ನು ಒಬ್ಬರು ಬರೆಯಬೇಕು. ಅವರು ಮೊದಲ ಕೈ. ಇನ್ನೊಬ್ಬರು ವಿಡಿಯೊ ಕೇಳುತ್ತ ತಾಳೆ ನೋಡಬೇಕು. ಅವರು ಎರಡನೇ ಕೈ. ಎರಡೂ ಕೈ ಒಪ್ಪಿದರೆ ಪಾಠ ಪಾಸು. ಪಾಸಾದ ಮೇಲೆ ತಿದ್ದಬೇಕೆಂದರೂ ಅದೇ ಎರಡು ಕೈಗಳೇ ಬೇಕು.

ವಾರುಣಿಯ ತಾಯಿ ಕಮಲಾಕ್ಷಿ ಆ ಬಳಗದ ಹಳೆಯ ಹುಲಿ. ಚಿತ್ರದುರ್ಗದಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. ಪುಸ್ತಕ ಒಂದಿಂಚು ಓರೆ ನಿಂತರೂ ಸಹಿಸದ ಕೈ ಆಕೆಯದು. ಒಂಬೈನೂರಕ್ಕೂ ಹೆಚ್ಚು ಪಾಠಗಳಿಗೆ ಮೊದಲ ಕೈಯಾಗಿದ್ದಳು. ಬಳಗದ ಹನ್ನೆರಡು ನಿಯಮಗಳಲ್ಲಿ ಆಕೆಗೆ ಅಚ್ಚುಮೆಚ್ಚು ಏಳನೆಯದು: ವಿಷಯಾಂತರವನ್ನು ಬಿಡುವುದು. ಕೆಮ್ಮು, ಹಾಜರಿ, ಚಹಾದ ಮಾತು, ಮನೆಯ ಕತೆ ಎಲ್ಲವನ್ನೂ ಆಕೆ ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ಎಸೆಯುತ್ತಿದ್ದಳು. ಮೇಷ್ಟ್ರ ಮರ್ಯಾದೆ ಉಳಿಸುತ್ತಿದ್ದೇನೆ ಎಂಬ ಭಾವನೆಯೂ ಅದರಲ್ಲಿತ್ತು.

ಆ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತಾಗ ಆಕೆಗೆ ಇಂದುಧರರ ಸಂಸ್ಥೆಯಿಂದ ಒಂದು ಸಂದೇಶ ಬಂತು. ಹತ್ತೊಂಬತ್ತು ವರ್ಷದ ಹಿಂದೆ ತಾವು ಬರೆದ ಓಬಳಯ್ಯನವರ ಮೂವತ್ತೊಂದನೆಯ ಪಾಠವನ್ನು ಇಂದು ಬೆಳಗ್ಗೆಯಿಂದ ಬಳಕೆಗೆ ತಂದಿದ್ದೇವೆ, ತಮಗೆ ವಂದನೆಗಳು ಎಂದಿತ್ತು. ಕೆಪಾಸಿಟರ್ ಸಾಲಿನ ದುರಸ್ತಿಯ ಪಾಠ. ಇಷ್ಟು ದಿನ ಆ ಕೆಲಸಕ್ಕೆ ತಯಾರಕರ ಕಡೆಯ ತಜ್ಞರೇ ಬರುತ್ತಿದ್ದರು. ಇನ್ನು ಮೇಲೆ ನಮ್ಮವರೇ ಮಾಡುತ್ತಾರೆ. ಬೆಳಗ್ಗೆ ಹೊರಡುವಾಗ ಮಗಳೂ ಅದನ್ನೇ ಹೇಳಿದ್ದಳಲ್ಲ, ಮೂರು ಗಂಟೆಗೆ ಹೊಸ ಕೆಲಸ ಐತೆ ಅಂತ. ತಾನು ಬರೆದ ಪಾಠ ಮಗಳ ಕಿವಿಗೆ ಬೀಳುತ್ತದೆ. ಕಮಲಾಕ್ಷಿಗೆ ಕಣ್ಣು ತುಂಬಿತು.

ಸಂದೇಶದ ಜೊತೆ ಮಾದರಿಗೆಂದು ದನಿಯನ್ನೂ ಕಳಿಸಿದ್ದರು. ಆಕೆ ಅದನ್ನು ಒತ್ತಿ ಕೇಳಿದಳು. "ಮೊದ್ಲು ಸ್ವಿಚ್ ಆರ್ಸಿ," ಎಂದರು ಓಬಳಯ್ಯ ಮೇಷ್ಟ್ರು. "ಈಗ ಅರ್ಥಿಂಗ್ ರಾಡ್ ತಗಂಡು ಮುಟ್ಸಿ."

ಮಧ್ಯೆ ಉಸಿರೆಳೆದುಕೊಳ್ಳುವಷ್ಟೂ ಬಿಡುವಿಲ್ಲ. ಕಮಲಾಕ್ಷಿಗೆ ನಗು ಬಂತು. ಇಲ್ಲೇ ಅಲ್ಲವೆ ಆ ಮಂಚದ ಕತೆ ಇದ್ದದ್ದು? ಮೇಷ್ಟ್ರು ಸ್ವಿಚ್ ಆರಿಸಿ, ಸ್ಟೂಲಿನ ಮೇಲೆ ಕೂತು, ತಮ್ಮ ಮಾವ ಚಳ್ಳಕೆರೆಗೆ ಮಂಚ ತರಲು ಹೋದ ಕತೆಯನ್ನು ಸಾವಕಾಶವಾಗಿ ಹೇಳಿದ್ದರು. ಆಕೆ ಅದನ್ನು ಪೂರ್ತಿ ಕತ್ತರಿಸಿದ್ದಳು. ಕುತೂಹಲಕ್ಕೆ ಹಳೆಯ ಪುಟ ತೆರೆದು ಸಮಯದ ಗುರುತು ನೋಡಿದಳು. ಸ್ವಿಚ್ ಆರಿಸಿದ್ದು ಹದಿನಾಲ್ಕನೆಯ ನಿಮಿಷದಲ್ಲಿ. ರಾಡ್ ತೆಗೆದುಕೊಂಡದ್ದು ಹತ್ತೊಂಬತ್ತನೆಯ ನಿಮಿಷದಲ್ಲಿ. ಕೆಳಗೆ ಎರಡನೇ ಕೈಯವರ ಟಿಪ್ಪಣಿ ಇನ್ನೂ ಹಾಗೇ ಇತ್ತು. ಗದಗಿನ ನೂಲಿನ ಗಿರಣಿಯಲ್ಲಿ ವೈರ್‌ಮನ್ ಆಗಿದ್ದ ಫಕೀರಪ್ಪ ಎಂಬವರು ಬರೆದದ್ದು.

"ಅಕ್ಕಾರ, ಕತಿ ತೆಗೀಬ್ಯಾಡ್ರಿ. ಮಾಸ್ತರು ಸುಮ್ಮನ ಹೇಳಿಲ್ಲ. ಕೈ ಕಟ್ಟಿ ಕೂಡ್ರಿ ಅಂದಾರ, ನೋಡ್ರಿ."

ಅದರ ಕೆಳಗೆ ಆಕೆಯದೇ ಉತ್ತರ: "ಪಾಠಕ್ಕೆ ಸಂಬಂಧವಿಲ್ಲ. ನಿಯಮ ಏಳು." ಆಮೇಲೂ ಫಕೀರಪ್ಪ ಎರಡು ಸಲ ಬರೆದಿದ್ದರು. ಆಕೆ ನಾಲ್ಕು ಜನ ಹಿರಿಯರನ್ನು ಕರೆಸಿ ಪಂಚಾಯಿತಿ ಮಾಡಿಸಿ ಗೆದ್ದಿದ್ದಳು. ಒಲ್ಲದ ಮನಸ್ಸಿನಿಂದ ಒಪ್ಪಿಗೆ ಒತ್ತಿದ ಫಕೀರಪ್ಪ ಆಮೇಲೆ ಬಳಗದ ಕಡೆ ತಲೆ ಹಾಕಿರಲಿಲ್ಲ.

ಕೈ ಕಟ್ಟಿ ಕೂಡ್ರಿ. ಕಮಲಾಕ್ಷಿ ಕಣ್ಣು ಮುಚ್ಚಿ ಆ ವಿಡಿಯೊ ನೆನೆಸಿಕೊಂಡಳು. "ಒಂದು ಕತೆ ಹೇಳ್ತೀನಿ, ಕೈ ಕಟ್ಕಂಡು ಕೇಳ್ರಪ್ಪ" ಎಂದಿದ್ದರು ಮೇಷ್ಟ್ರು. ಹಿಂದೆ ನಿಂತಿದ್ದ ಹುಡುಗರೆಲ್ಲ ನಿಜವಾಗಿಯೂ ಕೈ ಕಟ್ಟಿದ್ದರು. ವಿನಯ ಎಂದುಕೊಂಡಿದ್ದಳು ಆಕೆ. ಏನನ್ನೂ ಮುಟ್ಟದಿರಲೆಂದು ಕಟ್ಟಿಸಿದ್ದರೇನೋ ಎಂದು ಈಗ ಹೊಳೆಯಿತು. ಗಡಿಯಾರ ಎರಡು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ಆಕೆ ಇಂದುಧರರಿಗೆ ಫೋನು ಮಾಡಿ, ಪುಟದಲ್ಲಿದ್ದುದನ್ನು ಇದ್ದ ಹಾಗೆ ಓದಿ ಹೇಳಿದಳು.

ಇಂದುಧರ ತಿರುಗಿ ಕೇಳಿದರು, "ಮೇಡಂ, ಒಲೆ ಆರಿಸಿದ ತಕ್ಷಣ ನೀವು ಕಾವಲಿ ಮುಟ್ತೀರಾ?"

ಕೆಪಾಸಿಟರ್ ಎಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಡಬ್ಬಿ ಎಂದು ಅವರು ವಿವರಿಸಿದರು. ಸ್ವಿಚ್ ಆರಿಸಿದರೆ ಹೊರಗಿಂದ ಬರುವುದು ನಿಲ್ಲುತ್ತದೆ, ಒಳಗೆ ತುಂಬಿದ್ದು ಒಳಗೇ ಇರುತ್ತದೆ. ಅದು ಸೋರಿಹೋಗಲಿ ಎಂದೇ ಡಬ್ಬಿಯೊಳಗೆ ಒಂದು ಸಣ್ಣ ಹಾದಿ ಮಾಡಿರುತ್ತಾರೆ. ಆ ಹಾದಿಯಲ್ಲಿ ಅದು ಇಳಿಯುವುದಕ್ಕೆ ಐದು ನಿಮಿಷ ಬೇಕು. ಆಮೇಲೂ ಉಳಿದ ಚೂರುಪಾರನ್ನು ನೆಲಕ್ಕಿಳಿಸಲು ಅರ್ಥಿಂಗ್ ರಾಡ್. ಐದು ನಿಮಿಷದೊಳಗೆ ಅದನ್ನು ಮುಟ್ಟಿಸಿದರೆ ರಾಡಿನ ತುದಿಯಲ್ಲೇ ಸಿಡಿಲು ಹೊಡೆದಂತೆ. ಅವರು ಭಾಷೆಯ ಯಂತ್ರ ಕಟ್ಟಿದವರು. ವಿದ್ಯುತ್ತಿನ ಪಾಠಗಳನ್ನು ಒಂದೊಂದಾಗಿ ಓದಿ ನೋಡಿದವರಲ್ಲ. ಎರಡು ಕೈ ಒಪ್ಪಿದ ಬರಹವೆಂದರೆ ಅವರಿಗೆ ದೇವರ ಮುಂದೆ ಆಣೆ ಮಾಡಿದಷ್ಟೇ ಗಟ್ಟಿ.

"ಹಾಗಾದ್ರೆ ನಿಲ್ಲಿಸಿ," ಎಂದಳು ಕಮಲಾಕ್ಷಿ. "ಮೂರು ಗಂಟೆಗೆ ನನ್ನ ಮಗಳು ಅದೇ ಪಾಠ ಹಿಡಿದು ಕೆಲ್ಸ ಶುರು ಮಾಡ್ತಾಳೆ."

"ಆ ಒಂದು ಪಾಠ ಕಿತ್ತರೆ ಯಂತ್ರ ಅದನ್ನ ಬಿಟ್ಟು ಮುಂದಿನದಕ್ಕೆ ಹೋಗುತ್ತೆ ಮೇಡಂ. ಮುಂದಿನ ಪಾಠದ ಮೊದಲ ಮಾತೇ ಮುಚ್ಚಳ ಬಿಚ್ಚಿ ಅಂತ. ಇಡೀ ಯಂತ್ರ ನಿಲ್ಲಿಸಿದ್ರೆ ಈ ಗಳಿಗೆಲಿ ಕಂಬದ ಮೇಲಿರೋ ಸಾವಿರಾರು ಜನಕ್ಕೆ ಅರ್ಧ ಕೆಲಸದಲ್ಲಿ ದನಿ ಕಟ್ಟಾಗುತ್ತೆ. ಕೊನೆಗೆ ಅದನ್ನೂ ಮಾಡ್ತೀನಿ. ಅದಕ್ಕಿಂತ ಮುಂಚೆ ನೀವು ಆ ಐದು ನಿಮಿಷ ವಾಪಸ್ ಹಾಕಿ. ಎರಡು ಕೈ ಒತ್ತಿದ ತಿದ್ದುಪಡಿ ಅರೆ ನಿಮಿಷದಲ್ಲಿ ಎಲ್ಲ ಹೆಲ್ಮೆಟ್ಟಿಗೂ ತಲಪುತ್ತೆ."

ಆಕೆ ಮಗಳಿಗೆ ಮೇಲಿಂದ ಮೇಲೆ ಫೋನು ಹಚ್ಚಿದಳು. ಹೆಲ್ಮೆಟ್ ತಲೆ ಮೇಲಿದ್ದಾಗ ಹೊರಗಿನ ಕರೆ ಒಳಗೆ ಹೋಗುವುದಿಲ್ಲ; ಕೆಲಸದವರ ಗಮನ ಚದುರಬಾರದೆಂದು ಮಾಡಿದ ಏರ್ಪಾಡು. ಅಂಗಳದಲ್ಲಿ ಕಚೇರಿಯೆಂಬುದಿಲ್ಲ. ಒಂಬತ್ತು ಅಂಗಳಕ್ಕೆ ಒಬ್ಬ ಮೇಲ್ವಿಚಾರಕ, ಆತ ಆಗ ಐವತ್ತು ಕಿಲೋಮೀಟರ್ ಆಚೆಯ ದಾರಿಯಲ್ಲಿದ್ದ. ಹೊರಟೆ ಎಂದ. ಹೊರಟರೂ ಮೂರಕ್ಕೆ ಮುಟ್ಟುವಂತಿರಲಿಲ್ಲ.

ಬಳಗದ ಹಳೆಯ ಪಟ್ಟಿಯಲ್ಲಿ ಫಕೀರಪ್ಪನವರ ಮನೆಯ ನಂಬರಿತ್ತು. ಗೆದ್ದವಳು ತಾನು, ಸೋತು ಹೋದವರು ಅವರು. ಈಗ ಯಾವ ಮುಖ ಹೊತ್ತು ಮಾತಾಡಿಸುವುದು? ಯೋಚಿಸಲು ಪುರುಸೊತ್ತಿರಲಿಲ್ಲ. ಅವರ ಸೊಸೆ ಫೋನೆತ್ತಿದಳು. ಮಾವನವರಿಗೆ ಕಿವಿ ಮಂದ, ಸ್ವಲ್ಪ ಜೋರಾಗಿ ಮಾತಾಡಿ ಎಂದು ಕೊಟ್ಟಳು. ಕಮಲಾಕ್ಷಿ ತನ್ನ ಹೆಸರು ಹೇಳಿ, ಮೂವತ್ತೊಂದನೆಯ ಪಾಠ ಎಂದಷ್ಟೇ ಕೂಗಿದಳು.

"ಮಂಚದ ಕತಿ," ಎಂದಿತು ಮುದಿ ದನಿ. "ಯಾರಿಗೆ ಏನಾತ್ರಿ?"

ಇನ್ನೂ ಏನೂ ಆಗಿಲ್ಲ, ಆಗದಂತೆ ನೋಡಿಕೊಳ್ಳಬೇಕು ಎಂದು ಆಕೆ ಹೇಳಿದಳು. ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಫಕೀರಪ್ಪ ಅದಕ್ಕೆ ಎಡೆಗೊಡಲಿಲ್ಲ.

"ಐದು ನಿಮಿಷ ಕಾಯ್ರಿ ಅಂದ್ರ ಹುಡುಗ್ರು ಮೂರು ನಿಮಿಷಕ್ಕ ಕೈ ಹಾಕತಾವ ಅಕ್ಕಾರ. ಗಡಿಯಾರಕ್ಕ ಅಂಜೂದಿಲ್ಲ ಅವು. ಕತಿ ಅಂದ್ರ ಮುಗಿಯೂಮಟ ಕೂಡ್ರತಾವ. ಅದಕ್ಕ ಮಾಸ್ತರು ಕತಿ ಹೇಳತಿದ್ರು. ಅವತ್ತ ನನಗ ಬರದು ತಿಳಿಸಾಕ ಬರಲಿಲ್ಲ."

ಮೂಲ ವಿಡಿಯೊ ಇದ್ದಿದ್ದರೆ ಕತೆ ಸುಲಭ. ಆದರೆ ಆ ವಿಡಿಯೊಗಳನ್ನು ಇಟ್ಟಿದ್ದ ಕಂಪನಿ ಹನ್ನೆರಡು ವರ್ಷದ ಹಿಂದೆಯೇ ಬಾಗಿಲು ಮುಚ್ಚಿತ್ತು. ಬರಹ ಉಳಿದಿದೆಯಲ್ಲ, ಅಷ್ಟು ದೊಡ್ಡ ಗಂಟು ಯಾಕೆ ಹೊರಬೇಕು ಎಂದು ಎಲ್ಲರೂ ಸುಮ್ಮನಾಗಿದ್ದರು. ಪ್ರತಿ ಮೇಷ್ಟ್ರ ದನಿಯ ಅಚ್ಚಿಗೆಂದು ಹತ್ತು ನಿಮಿಷದ ತುಣುಕು ಮಾತ್ರ ಎತ್ತಿಟ್ಟಿದ್ದರು. ಕೇಳದೆ ಬರೆಯಬಾರದು ಎನ್ನುವುದು ಬಳಗದ ಮೊದಲ ನಿಯಮ. ಕಮಲಾಕ್ಷಿ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಅದನ್ನು ಮುರಿದವಳಲ್ಲ. ಈಗ ನೆನಪಿನಿಂದ ಬರೆಯಬೇಕಿತ್ತು, ಅದೂ ಇನ್ನೊಬ್ಬರ ನೆನಪಿನಿಂದ.

"ನಿಮಗೆ ಪೂರ್ತಿ ನೆನಪಿದೆಯಾ ಅಣ್ಣ?"

"ಮರಿಯಾಕ ಬಿಟ್ರಲ್ಲ? ನಮ್ಮ ಗಿರಣಿಯಾಗ ಸ್ವಿಚ್ ತೆಗದಾಗೆಲ್ಲ ಅದನ್ನ ಹೇಳೀನಿ. ಬರಕೋರಿ."

ಎರಡು ಗಂಟೆ ಮೂವತ್ತೆಂಟಕ್ಕೆ ಫಕೀರಪ್ಪ ಶುರು ಮಾಡಿದರು. ಅವರು ಹೇಳುತ್ತ ಹೋದರು, ಆಕೆ ಬೆರಳು ಎತ್ತದೆ ಒತ್ತುತ್ತ ಹೋದಳು. ಗದಗಿನ ಮಾತು ಆಕೆಯ ಬೆರಳಲ್ಲಿ ದುರ್ಗದ ಮಾತಾಗುತ್ತಿತ್ತು. ಮೇಷ್ಟ್ರ ಮಾವ ಚಳ್ಳಕೆರೆಯಲ್ಲಿ ಮಂಚ ಕೊಂಡರು. ಲಾರಿಗೆ ಏರಿಸಿದರು. ಕಳ್ಳಕಾಕರ ಭಯಕ್ಕೆ ತಾವೂ ಹತ್ತಿ ಆ ಮಂಚದ ಮೇಲೇ ಮುಸುಕು ಹಾಕಿ ಮಲಗಿದರು. ಎಚ್ಚರವಾದಾಗ ಲಾರಿ ಬಳ್ಳಾರಿಯ ಸಂತೆಯಲ್ಲಿ ನಿಂತಿತ್ತು. ಯಾರೋ ಪುಣ್ಯಾತ್ಮರು ಹೆಣವೆಂದು ತಿಳಿದು ಹಾರ ಹಾಕಿ ಕೈ ಮುಗಿಯುತ್ತಿದ್ದರು. ಮಾವ ಎದ್ದು ಕೂತು, ಇದು ಯಾವೂರಪ್ಪ ಎಂದರು. ಅರ್ಧ ಸಂತೆ ಓಡಿತು. ಒಂದು ಕಡೆ ಆಕೆಯ ಬೆರಳು ನಿಂತಿತು. ಮೇಷ್ಟ್ರು ಚಳ್ಳಕೆರೆ ಅಂದಿದ್ದರೋ, ಹೊಸದುರ್ಗವೋ? ತಪ್ಪು ಬರೆದರೆ?

"ಯಾವ ಊರಾದ್ರೇನ್ರಿ," ಎಂದರು ಫಕೀರಪ್ಪ. "ಐದು ನಿಮಿಷ ಆದ್ರ ಸಾಕು."

ಎರಡು ಐವತ್ತೆರಡಕ್ಕೆ ಕತೆ ಮುಗಿಯಿತು. ಯಂತ್ರ ಅದನ್ನು ಓದಲು ಐದು ನಿಮಿಷ ಹತ್ತು ಸೆಕೆಂಡು ಬೇಕೆಂದು ಪರದೆ ತೋರಿಸಿತು. ಕಮಲಾಕ್ಷಿ ಮೊದಲ ಕೈ ಒತ್ತಿದಳು. ಎರಡನೇ ಕೈಗೆ, ಫಕೀರಪ್ಪನವರು ಬಳಗದ ಕೆಲಸಕ್ಕೆ ಬಳಸುತ್ತಿದ್ದ, ಅವರ ಬೆರಳಿನ ಗುರುತು ಬಲ್ಲ ಹಳೆಯ ಫಲಕವೇ ಬೇಕು. ಅದು ಟ್ರಂಕಿನ ತಳದಲ್ಲಿ, ಬಟ್ಟೆಗಳ ಕೆಳಗೆ, ಉಸಿರಿಲ್ಲದೆ ಬಿದ್ದಿತ್ತು. ಸೊಸೆ ಅದನ್ನು ಹುಡುಕಿ ತೆಗೆದು ಚಾರ್ಜಿಗೆ ಹಾಕಿದಳು. ಪರದೆ ಕಪ್ಪಗೇ ಇತ್ತು. ಇಂದುಧರ ಇನ್ನೊಂದು ಫೋನಿನಲ್ಲಿ ಕಾಯುತ್ತಿದ್ದರು, ಇಡೀ ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟು. ಎರಡು ಐವತ್ತೇಳು. ಐವತ್ತೆಂಟು. ಕಮಲಾಕ್ಷಿ ನಂಬದ ದೇವರಿಗೂ ಹರಕೆ ಹೊತ್ತಳು.

"ಹತ್ತಿತು," ಎಂದಳು ಸೊಸೆ. ಫಕೀರಪ್ಪನವರ ಒದ್ದೆ ಬೆರಳನ್ನು ಫಲಕ ಒಂದು ಸಲ ಒಲ್ಲೆನೆಂದಿತು. ಧೋತರಕ್ಕೆ ಒರೆಸಿ ಮತ್ತೆ ಒತ್ತಿದರು. ಮೂರಕ್ಕೆ ಒಂದು ನಿಮಿಷ ಮೊದಲು ತಿದ್ದುಪಡಿ ಹೊರಟಿತು.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಮಗಳು ಸಮಯಕ್ಕಿಂತ ಮೊದಲೇ ಶುರು ಮಾಡಿದ್ದರೆ? ಹೆಲ್ಮೆಟ್ಟಿನ ಸಂಪರ್ಕ ಆ ಗಳಿಗೆಯಲ್ಲೇ ಕೆಟ್ಟಿದ್ದರೆ? ಮೂರೂಕಾಲಾಯಿತು, ಮೂರೂವರೆಯಾಯಿತು. ಕಮಲಾಕ್ಷಿ ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತಿದ್ದಳು. ತಾನು ಕೈ ಕಟ್ಟಿಕೊಂಡು ಕೂತಿದ್ದೇನೆಂದು ಆಕೆಗೆ ಗೊತ್ತಾದದ್ದು ಫೋನು ಹೊಡೆದುಕೊಂಡಾಗ ಕೈ ಬಿಡಿಸಲು ಹೋದ ಮೇಲೆ.

"ಅಮ್ಮಾ, ಎಷ್ಟ್ ಸಲ ಮಾಡಿದೀಯ? ಏನಾಯ್ತು?" ವಾರುಣಿಯ ದನಿಯಲ್ಲಿ ನಗುವಿತ್ತು. "ನಮ್ ಮೇಷ್ಟ್ರಿಗೆ ಇವತ್ತು ಏನೋ ಆಗೈತೆ ಕಣಮ್ಮ. ಸ್ವಿಚ್ ಆರ್ಸಿ ರಾಡಿಗೆ ಕೈ ಹಾಕಿದೀನಿ, ಅಷ್ಟರಲ್ಲಿ ಅವರ ಮಾವನ ಕತೆ ತೆಗೆದ್ರು."

"ನೀನೇನ್ ಮಾಡ್ದೆ?"

"ಕೈ ಕಟ್ಕಂಡು ಕೇಳ್ರಪ್ಪ ಅಂದ್ರಲ್ಲ. ಕಟ್ಕಂಡು ಕೇಳ್ದೆ. ಯಾಕಮ್ಮ, ಅಳ್ತಿದೀಯ?"

ಕತೆ ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ಹಾಯಾಗಿ ಮನೆಗೆ ಹೋಗಬಹುದಿತ್ತು. ಸಂಜೆ ಇಂದುಧರ ಮತ್ತೆ ಫೋನು ಮಾಡಿದರು. ಪಾಠ ಬಳಕೆಗೆ ಬಂದದ್ದು ಬೆಳಗ್ಗೆ ಎಂಟಕ್ಕೆ. ವಾರುಣಿಯದು ಆ ದಿನದ ಎರಡನೆಯ ಕೆಲಸ. ಮೊದಲನೆಯದನ್ನು ಹನ್ನೊಂದು ಗಂಟೆಗೆ ಇನ್ನೊಂದು ಅಂಗಳದಲ್ಲಿ ತಿಪ್ಪೇಶ ಎಂಬಾತ ಮಾಡಿದ್ದ. ಅಪಘಾತದ ವರದಿ ಮೇಜಿನಿಂದ ಮೇಜಿಗೆ ದಾಟಿ ಇಂದುಧರರಿಗೆ ಮುಟ್ಟುವಾಗ ಸಂಜೆಯಾಗಿತ್ತು.

ಮರುದಿನ ಕಮಲಾಕ್ಷಿ ಆಸ್ಪತ್ರೆಗೆ ಹೋದಳು. ತಿಪ್ಪೇಶನಿಗೆ ಮೂವತ್ತರ ಆಸುಪಾಸು. ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು, ಕಣ್ಣಿಗೂ ಕಟ್ಟಿದ್ದರು. ಒಂದು ಕಣ್ಣು ಉಳಿಯಬಹುದು ಎಂದಿದ್ದರು ವೈದ್ಯರು. ಹಾಸಿಗೆಯ ಪಕ್ಕ ಕೂತ ಆಕೆಯನ್ನು ಅವನು ವಿಚಾರಣೆಯ ಅಧಿಕಾರಿ ಎಂದುಕೊಂಡ. ಕೆಲಸ ಹೋಗುತ್ತದೆಂಬ ಹೆದರಿಕೆ ಅವನಿಗೆ.

"ಮೇಷ್ಟ್ರು ಹೇಳ್ದಂಗೇ ಮಾಡಿದೀನಿ ಮೇಡಂ," ಎಂದ. "ಒಂದಕ್ಷರ ತಪ್ಪಿಲ್ಲ."

ನಿನ್ನ ತಪ್ಪಿಲ್ಲಪ್ಪ, ಬರೆದವಳು ನಾನು ಎಂದಳು ಕಮಲಾಕ್ಷಿ. ಅವನಿಗೆ ಅರ್ಥವಾಗಲಿಲ್ಲ. ಮೇಷ್ಟ್ರ ಪಾಠ ಎಂದರೆ ಮೇಷ್ಟ್ರದು. ನಡುವೆ ಇನ್ನೊಂದು ಕೈ ಇರುತ್ತದೆಂದು ಅವನು ಯೋಚಿಸಿಯೇ ಇರಲಿಲ್ಲ. ಆಕೆ ಎರಡನೆಯ ಸಲ ಬಿಡಿಸಿ ಹೇಳಿದಳು. ಅವನು ಮುಖ ಗೋಡೆಯ ಕಡೆ ತಿರುಗಿಸಿದ. ಆಕೆ ಹೊತ್ತು ಮುಳುಗುವತನಕ ಕೂತಿದ್ದು ಎದ್ದು ಬಂದಳು.

ಇಂದುಧರ ವಾರದೊಳಗೆ ಲೆಕ್ಕ ತೆಗೆಸಿದರು. ನಲವತ್ತು ಸಾವಿರ ಪಾಠಗಳಲ್ಲಿ ಏಳನೆಯ ನಿಯಮದ ಕತ್ತರಿ ಬಿದ್ದ ಜಾಗಗಳು ಎರಡು ಲಕ್ಷ ಮೀರಿದ್ದವು. ಬಹುಪಾಲು ಕೆಮ್ಮು, ಹಾಜರಿ, ಚಹಾದ ಮಾತೇ ಇದ್ದೀತು. ಯಾವುದು ಅಲ್ಲ ಎಂದು ಹೇಳಬಲ್ಲವರು ಯಾರು? ಪಾಠಗಳ ಬಳಕೆಯನ್ನು ನಿಲ್ಲಿಸಿದರು. ಬಳಗದ ಮುದುಕ ಮುದುಕಿಯರು ತಮ್ಮ ತಮ್ಮ ಹಳೆಯ ಪುಟ ತೆರೆದು, ಎಸೆದದ್ದನ್ನು ನೆನೆಯಲು ಕೂತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಿತ್ತು ಅವರ ಪಾಡು. ಬರೆದದ್ದು ಎಲ್ಲರಿಗೂ ನೆನಪಿತ್ತು, ಬಿಟ್ಟದ್ದು ಯಾರಿಗೂ ನೆನಪಿರಲಿಲ್ಲ.

ಕಮಲಾಕ್ಷಿಯ ಮುಂದೆ ಈಗ ಮೂವತ್ತೆರಡನೆಯ ಪಾಠವಿದೆ. "ಮುಚ್ಚಳ ಬಿಚ್ಚಿ" ಎಂಬ ಮಾತಿಗೂ ಅದರ ಮುಂದಿನ ಮಾತಿಗೂ ನಡುವೆ ಎರಡು ನಿಮಿಷ ಹನ್ನೊಂದು ಸೆಕೆಂಡಿನ ಅಂತರ. ಆಕೆ ಕಣ್ಣು ಮುಚ್ಚುತ್ತಾಳೆ. ಮೇಷ್ಟ್ರು ಬೋರ್ಡಿಗೆ ಬೆನ್ನು ಮಾಡಿ ನಿಂತದ್ದು ಕಾಣುತ್ತದೆ, ತುಟಿ ಆಡುವುದೂ ಕಾಣುತ್ತದೆ. ಮಾತು ಕೇಳಿಸುವುದಿಲ್ಲ. ಮೂವತ್ತು ವರ್ಷದ ಹಿಂದೆ ಇಂಥ ವಿಡಿಯೊಗಳು ಎಲ್ಲರ ಕೈಯೊಳಗಿನ ಫೋನಿನಲ್ಲೇ ಇದ್ದವು. ಮೇಷ್ಟ್ರು ಕತೆ ತೆಗೆದ ಕೂಡಲೇ ಬೆರಳಿನಿಂದ ಮುಂದಕ್ಕೆ ತಳ್ಳಿ ನೋಡುವುದು ಆಗ ಎಲ್ಲರ ಅಭ್ಯಾಸವಾಗಿತ್ತು.